ಅಂಟದ ಪಟ್ಟಿಯನ್ನು ಕೊಟ್ಟ ಆಗಸ್ಟ್ ಲೂಮಿಯೇರ್

ಮುಂಬಯಿಯ ಕೋಟೆ ಪ್ರದೇಶದ ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳು ಕಾಳಾಘೋಡಾದ ಬಳಿಯಿರುವ ಹಳೆಯ ಕಬ್ಬಿಣದ ಕಟ್ಟಡವೊಂದನ್ನು ಕಂಡೇ ಇರುತ್ತಾರೆ. ಎಸ್ಪ್ಲನೇಡ್ ಮ್ಯಾನ್ಷನ್ ಎಂದು ಅದಕ್ಕೆ ಹೆಸರು. ಒಂದಾನೊಂದು ಕಾಲಕ್ಕೆ ಅದು ವಾಟ್ಸನ್ ಹೋಟೆಲ್ ಆಗಿದ್ದಿತು. 1896ನೆಯ ಇಸವಿ ಜುಲೈ 7ರಂದು ಆ ಹೋಟೆಲಿನಲ್ಲಿ ಭರತಖಂಡದ ಮೊತ್ತಮೊದಲ ಚಲನಚಿತ್ರ ಪ್ರದರ್ಶನವು ನಡೆಯಿತು. ಪ್ರವೇಶಕ್ಕೆ ಒಂದು ರೂಪಾಯಿ. ತೋರಿಸಿದ ಚಿತ್ರಗಳು ಆರು. ಯಂತ್ರವನ್ನು ಹೊತ್ತು ತಂದವನು ಮಾರಿಯಸ್ ಸೆಸ್ತಿಯೇ ಎಂಬ ಫ್ರೆಂಚನು. ಅವನನ್ನು ಕಳುಹಿಸಿದವರು ಫ್ರಾನ್ಸಿನ ಲಿಯೋನ್ ಪಟ್ಟಣದ ಲೂಮಿಯೇರ್ ಸಹೋದರರು.

ಸಿನೆಮಾದ ಜನಕರೆಂದು ಈ ಸಹೋದರರ ಹೆಸರು ಲೋಕವಿಖ್ಯಾತವಾಗಿದೆ. ಆದರೆ ಇಬ್ಬರಲ್ಲಿ ಹಿರಿಯನಾದ ಆಗಸ್ಟ್ ಲೂಮಿಯೇರ್ ಅವರ ಇನ್ನೊಂದು ಕೊಡುಗೆಯು ಔಷಧದ ಅಂಗಡಿಯ ಕಪಾಟಿನಲ್ಲಿ ಸದ್ದಿಲ್ಲದೆ ಕುಳಿತಿರುವುದನ್ನು ಬಲ್ಲವರು ವಿರಳ. ಸುಟ್ಟ ಗಾಯದ ಮೇಲೆ ಹಾಕುವ, ಗಾಯಕ್ಕೆ ಅಂಟಿಕೊಳ್ಳದ, ಜಿಡ್ಡು ಸವರಿದ ಬಲೆಬಟ್ಟೆಯೇ ಆ ಕೊಡುಗೆ. ಒಲೆಯ ಮುಂದೆ ಬದುಕು ಸವೆಸುವ ನಮ್ಮವರಿಗೆ ಇವೆರಡರಲ್ಲಿ ಯಾವುದು ಹೆಚ್ಚು ಬೇಕಾದದ್ದೆಂದು ವಾಚಕರೇ ತೀರ್ಮಾನಿಸಲಿ.

ಈ ವಿಷಯವು ನಮ್ಮ ಮನಸ್ಸಿಗೆ ಹತ್ತಿರವಾದುದಕ್ಕೆ ಕಾರಣವುಂಟು. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾವು ಹಲವು ವರ್ಷ ಹೋಟೆಲ್ ನಡೆಸಿದವರು. ಒಂದು ಸಂಜೆ ಬೋಂಡಾ ಕರಿಯುತ್ತಿದ್ದ ತರುಣನ ಮುಂಗೈ ಮೇಲೆ ಬಾಣಲೆಯ ಕಾದ ಎಣ್ಣೆಯು ಸಿಡಿಯಿತು. ನಾವು ಗಲ್ಲಾದಿಂದೆದ್ದು ಓಡಿ, ಒಂದು ಹಿಡಿ ಅರಿಸಿನವನ್ನು ಒತ್ತಿ, ಹಳೆಯ ಪಂಚೆಯ ಚೂರಿನಿಂದ ಬಿಗಿಯಾಗಿ ಕಟ್ಟಿದೆವು. ಉಪಕಾರ ಮಾಡಿದೆವೆಂದೇ ಆಗ ನಂಬಿದ್ದೆವು. ಮೂರನೆಯ ದಿನ ಬಿಚ್ಚಲು ಹೋದರೆ ಬಟ್ಟೆಯು ಗಾಯಕ್ಕೆ ಕಚ್ಚಿಕೊಂಡಿತ್ತು. ಎಳೆದೊಡನೆ ಆಗತಾನೆ ಹುಟ್ಟಿದ ಎಳೆಯ ಚರ್ಮವೂ ಬಟ್ಟೆಯೊಂದಿಗೆ ಕಿತ್ತು ಬಂದಿತು. ಆ ಹುಡುಗನ ಕೂಗು ಇಂದಿಗೂ ನಮ್ಮ ಕಿವಿಯಲ್ಲಿದೆ. ಅಂದಿನಿಂದ ಅವನು ಪಟ್ಟಿ ಬದಲಿಸಲು ಯಾರನ್ನೂ ಹತ್ತಿರ ಬಿಡಲಿಲ್ಲ, ಗಾಯವು ಕೀವುಗಟ್ಟಿತು. ಕೊನೆಗೆ ವೈದ್ಯರೊಬ್ಬರು ಗಾಯವನ್ನು ನೆನೆಸಿ ತೊಳೆದು, ಜಿಡ್ಡಿನ ಬಲೆಬಟ್ಟೆಯೊಂದನ್ನು ಹಾಸಿ ಕಟ್ಟಿದರು. ಮುಂದಿನ ಸಲ ಬಿಚ್ಚಿದಾಗ ಹುಡುಗನು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕುಳಿತಿದ್ದನು. ಪಟ್ಟಿಯು ಬಂದದ್ದೇ ಅವನಿಗೆ ತಿಳಿಯಲಿಲ್ಲ. ಆ ಬಟ್ಟೆಯನ್ನು ಯೋಚಿಸಿದ ಪುಣ್ಯಾತ್ಮನು ಯಾರೆಂದು ವಿಚಾರಿಸುತ್ತ ಹೋದಾಗ ನಮಗೆ ದೊರೆತದ್ದು ಆಗಸ್ಟ್ ಲೂಮಿಯೇರ್ ಅವರ ಹೆಸರು.

ಬಾಲ್ಯ ಮತ್ತು ಕಾರ್ಖಾನೆ

ಆಗಸ್ಟ್ ಅವರು 1862ನೆಯ ಇಸವಿ ಅಕ್ಟೋಬರ್ 19ರಂದು ಫ್ರಾನ್ಸಿನ ಪೂರ್ವಭಾಗದ ಬೆಸಾನ್ಸೋನ್ ಪಟ್ಟಣದಲ್ಲಿ ಜನಿಸಿದರು. ತಮ್ಮನಾದ ಲೂಯಿ ಎರಡು ವರ್ಷಕ್ಕೆ ಕಿರಿಯನು. ತಂದೆ ಆಂತ್ವಾನ್ ಲೂಮಿಯೇರ್ ಚಿತ್ರಗಾರನಾಗಿದ್ದು ಫೋಟೋಗ್ರಾಫರನಾದವನು. ಮಾತಿನಲ್ಲಿ ಚತುರ, ಖರ್ಚಿನಲ್ಲಿ ಧಾರಾಳಿ. 1870ರಲ್ಲಿ ಸಂಸಾರವು ಲಿಯೋನಿಗೆ ಬಂದು ನೆಲೆಸಿತು. ಸಹೋದರರಿಬ್ಬರೂ ಅಲ್ಲಿನ ಲಾ ಮಾರ್ತಿನಿಯೇರ್ ಎಂಬ ಕೈಗಾರಿಕಾ ಶಾಲೆಯಲ್ಲಿ ಓದಿದರು.

ಆ ಕಾಲಕ್ಕೆ ಫೋಟೋ ತೆಗೆಯಲು ಮದ್ದು ಸವರಿದ ಗಾಜಿನ ಫಲಕಗಳು ಬೇಕಾಗುತ್ತಿದ್ದವು. ಹದಿಹರೆಯದ ಲೂಯಿ 1881ರ ಸುಮಾರಿಗೆ ಉತ್ತಮವಾದ ಒಣ ಫಲಕವೊಂದನ್ನು ಸಾಧಿಸಿದನು. ತಂದೆಯು ಲಿಯೋನಿನ ಮೋಂಪ್ಲೆಸೀರ್ ಬಡಾವಣೆಯಲ್ಲಿ ಕಾರ್ಖಾನೆಯನ್ನೇ ತೆರೆದನು. ಆದರೆ ಒಂದೆರಡು ವರ್ಷಗಳಲ್ಲಿ ಅದು ದಿವಾಳಿಯ ಅಂಚಿಗೆ ಬಂದಿತು. ಸೈನ್ಯದ ಕಡ್ಡಾಯ ಸೇವೆಯನ್ನು ಮುಗಿಸಿ ಬಂದ ಆಗಸ್ಟ್, ತಮ್ಮನೊಂದಿಗೆ ಹಗಲಿರುಳು ದುಡಿದು, ಫಲಕಗಳನ್ನು ತಯಾರಿಸುವ ಯಂತ್ರಗಳನ್ನು ಜೋಡಿಸಿ, ಮುಳುಗುತ್ತಿದ್ದ ಉದ್ಯಮವನ್ನು ದಡ ಸೇರಿಸಿದರು. 1894ರ ಹೊತ್ತಿಗೆ ಅಲ್ಲಿ ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಫಲಕಗಳು ತಯಾರಾಗುತ್ತಿದ್ದವು.

ಅಣ್ಣತಮ್ಮಂದಿರ ಅನ್ಯೋನ್ಯತೆಯು ಅಪರೂಪವಾದದ್ದು. ವಿಂಕ್ಲೆರ್ ಎಂಬ ಒಂದೇ ಮನೆಯ ಅಕ್ಕತಂಗಿಯರನ್ನು ಇಬ್ಬರೂ ವಿವಾಹವಾದರು. ಯಾರು ಏನನ್ನು ಕಂಡುಹಿಡಿದರೂ ಇಬ್ಬರ ಹೆಸರಿನಲ್ಲಿಯೇ ಪ್ರಕಟಿಸುವುದೆಂದು ಒಪ್ಪಂದ ಮಾಡಿಕೊಂಡು ನಡೆದರು. ಪಾಲುದಾರಿಕೆಯ ಹೋಟೆಲುಗಳು ಒಡೆದು ಎರಡಾಗುವುದನ್ನು ಕಣ್ಣಾರೆ ಕಂಡ ನಮಗೆ ಇದೊಂದು ಸಣ್ಣ ಸಂಗತಿಯೆಂದು ತೋರುವುದಿಲ್ಲ.

ಕಾಫಿ ಹೋಟೆಲಿನ ನೆಲಮಾಳಿಗೆಯಲ್ಲಿ

1894ರಲ್ಲಿ ತಂದೆಯು ಪ್ಯಾರಿಸಿನಲ್ಲಿ ಎಡಿಸನ್ನನ ಚಲಿಸುವ ಚಿತ್ರದ ಪೆಟ್ಟಿಗೆಯನ್ನು ಕಂಡನು. ಅದರೊಳಗೆ ಒಬ್ಬೊಬ್ಬರಾಗಿ ಇಣಿಕಿ ನೋಡಬೇಕಿತ್ತು. ಎಲ್ಲರೂ ಒಟ್ಟಿಗೆ ಪರದೆಯ ಮೇಲೆ ನೋಡುವಂತಾಗಬೇಕೆಂದು ಮಕ್ಕಳಿಗೆ ಕೆಲಸ ಹಚ್ಚಿದನು. ಆಗಸ್ಟ್ ಮೊದಲು ಪ್ರಯತ್ನಿಸಿದರು, ಕೈಗೂಡಲಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಮಲಗಿದ್ದ ಲೂಯಿಗೆ, ಹೊಲಿಗೆಯ ಯಂತ್ರವು ಬಟ್ಟೆಯನ್ನು ಎಳೆದು ನಿಲ್ಲಿಸಿ ಮತ್ತೆ ಎಳೆಯುವ ಕ್ರಮವು ಹೊಳೆಯಿತು. ಚಿತ್ರದ ಸುರುಳಿಯನ್ನೂ ಹಾಗೆಯೇ ನಡೆಸಿದರೆ ಸಾಕಲ್ಲವೇ! 1895ರ ಫೆಬ್ರವರಿ 13ರಂದು ಇಬ್ಬರ ಹೆಸರಿನಲ್ಲಿ ಹಕ್ಕುಪತ್ರವಾಯಿತು. ಆದರೆ ಆ ಯಂತ್ರವು ತಮ್ಮನ ಬುದ್ಧಿಯ ಫಲವೆಂದು ಆಗಸ್ಟ್ ಅವರು ಮುಂದೆ ಬಾಯ್ತುಂಬ ಹೇಳಿಕೊಂಡು ಬಂದರು. ಜಗತ್ತೇ ಕೊಡುತ್ತಿದ್ದ ಕೀರ್ತಿಯನ್ನು ತನ್ನದಲ್ಲವೆಂದು ತಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು.

ಅದೇ ವರ್ಷ ಡಿಸೆಂಬರ್ 28ರಂದು ಪ್ಯಾರಿಸಿನ ಗ್ರಾಂಡ್ ಕೆಫೆ ಎಂಬ ಕಾಫಿ ಹೋಟೆಲಿನ ನೆಲಮಾಳಿಗೆಯಲ್ಲಿ ಹಣ ಕೊಟ್ಟು ನೋಡುವ ಪ್ರಥಮ ಪ್ರದರ್ಶನವು ನಡೆಯಿತು. ಆ ಕೋಣೆಗೆ ಇಂಡಿಯನ್ ಸಲೋನ್ ಎಂದೇ ಹೆಸರಿದ್ದುದು ಸೋಜಿಗ. ಹೋಟೆಲಿನ ಯಜಮಾನನಿಗೆ ಗಳಿಕೆಯಲ್ಲಿ ಶೇಕಡಾ 20ರ ಪಾಲನ್ನು ಕೊಡಲು ಇವರು ಸಿದ್ಧರಿದ್ದರು. ಅವನು ಇದು ನಿಲ್ಲುವ ವ್ಯಾಪಾರವಲ್ಲವೆಂದು ಬಗೆದು ದಿನಕ್ಕೆ 30 ಫ್ರಾಂಕ್ ಬಾಡಿಗೆಯೇ ಸಾಕೆಂದನು. ಮೊದಲ ದಿನ ಹಣ ಕೊಟ್ಟು ಬಂದವರು ಕೇವಲ 33 ಮಂದಿ. ಕೆಲವೇ ದಿನಗಳಲ್ಲಿ ಬೀದಿಯುದ್ದಕ್ಕೂ ಸಾಲು ನಿಂತಿತು. ಆ ಯಜಮಾನನ ಸಂಕಟವನ್ನು ಗಲ್ಲಾದ ಹಿಂದೆ ಕುಳಿತು ಬಲ್ಲವರು ಊಹಿಸಿಕೊಳ್ಳಬಹುದು.

ಅಂದು ತೋರಿಸಿದ ಚಿತ್ರಗಳಲ್ಲೊಂದರಲ್ಲಿ ಆಗಸ್ಟ್ ಅವರೇ ಕಾಣಿಸುತ್ತಾರೆ. ತೋಟದಲ್ಲಿ ಮೇಜಿನ ಮುಂದೆ ಹೆಂಡತಿ ಮಾರ್ಗರೀತ್ ಜೊತೆಯಲ್ಲಿ ಕುಳಿತು, ಪುಟ್ಟ ಮಗಳು ಆಂದ್ರೇಗೆ ಚಮಚದಿಂದ ತಿನ್ನಿಸುತ್ತಿರುವ ತಂದೆ. ಒಂದು ನಿಮಿಷವೂ ಇಲ್ಲದ ಆ ಚಿತ್ರವನ್ನು ಜಗತ್ತು ಇಂದಿಗೂ ನೋಡುತ್ತಿದೆ. ಆ ಮಗಳು 1918ರಲ್ಲಿ ತುಂಬು ಯೌವನದಲ್ಲಿ ತೀರಿಕೊಂಡಳು.

ಸಹೋದರರು 1903ರಲ್ಲಿ ಬಣ್ಣದ ಫೋಟೋ ಫಲಕಕ್ಕೂ ಹಕ್ಕುಪತ್ರ ಪಡೆದು, 1907ರಲ್ಲಿ ಅದನ್ನು ಮಾರುಕಟ್ಟೆಗೆ ತಂದರು. ಅದರ ಬಣ್ಣಕ್ಕೆ ಅವರು ಬಳಸಿದ್ದು ನಮ್ಮ ಅಡಿಗೆಮನೆಯ ಆಲೂಗಡ್ಡೆಯ ಹಿಟ್ಟಿನ ಕಣಗಳನ್ನು. ಅಷ್ಟು ಹೊತ್ತಿಗೆ ಆಗಸ್ಟ್ ಅವರ ಮನಸ್ಸು ಚಿತ್ರಗಳಿಂದ ಹೊರಳಿ ರೋಗ ಮತ್ತು ಔಷಧಗಳ ಕಡೆಗೆ ತಿರುಗಿತ್ತು.

ದೇವರ ಛತ್ರದಲ್ಲಿ

ಆಗಸ್ಟ್ ಅವರು ವೈದ್ಯ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಎಸ್‌ಎಸ್‌ಎಲ್‌ಸಿಗೆ ಓದನ್ನು ನಿಲ್ಲಿಸಿದ ನಮ್ಮಂಥವರಿಗೆ ಇದನ್ನು ಕೇಳಿ ಸ್ವಲ್ಪ ಧೈರ್ಯ ಬರುವುದುಂಟು. ರಸಾಯನಶಾಸ್ತ್ರವನ್ನು ಬಲ್ಲ ಅವರು ತಮ್ಮದೇ ಹಣದಿಂದ ಲಿಯೋನಿನಲ್ಲಿ ಪ್ರಯೋಗಶಾಲೆಯನ್ನೂ ಚಿಕಿತ್ಸಾಲಯವನ್ನೂ ಕಟ್ಟಿದರು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ರಣರಂಗದಿಂದ ಗಾಯಾಳುಗಳು ಲಿಯೋನಿಗೆ ಬರತೊಡಗಿದರು. ಅಲ್ಲಿನ ಪುರಾತನ ಆಸ್ಪತ್ರೆಗೆ ಹೋಟೆಲ್ ದ್ಯೂ ಎಂದು ಹೆಸರು. ಹೋಟೆಲ್ ಎಂದರೆ ಹಿಂದೆ ಅತಿಥಿಗಳ ಮನೆ; ದ್ಯೂ ಎಂದರೆ ದೇವರು. ಬಡವರೂ ರೋಗಿಗಳೂ ಬಂದು ತಂಗುವ ದೇವರ ಛತ್ರವೆಂದು ನಾವು ಅರ್ಥ ಮಾಡಿಕೊಳ್ಳಬಹುದು. (ಆ ಆಸ್ಪತ್ರೆಯು 2010ರಲ್ಲಿ ಮುಚ್ಚಿತು, 2019ರಲ್ಲಿ ಅದೇ ಕಟ್ಟಡದಲ್ಲಿ ನಿಜವಾದ ಹೋಟೆಲೇ ತೆರೆಯಿತು.) ಐವತ್ತು ದಾಟಿದ ಆಗಸ್ಟ್ ಅವರು ಆ ಆಸ್ಪತ್ರೆಯ ಎಕ್ಸ್‌ರೇ ವಿಭಾಗದ ಹೊಣೆ ಹೊತ್ತರು. ತಮ್ಮ ಲೂಯಿ ಕೈ ಕಳೆದುಕೊಂಡ ಸೈನಿಕರಿಗಾಗಿ ಕೃತಕ ಕೈಯನ್ನು ರಚಿಸಿದನು.

ಗುಂಡು ತಗಲಿದವರು, ಬೆಂಕಿಯಲ್ಲಿ ಬೆಂದವರು ಸಾಲುಸಾಲಾಗಿ ಮಲಗಿದ್ದರು. ಅವರಿಗೆ ಗಾಯದ ನೋವಿಗಿಂತಲೂ ಭಯ ಹುಟ್ಟಿಸುತ್ತಿದ್ದುದು ಪಟ್ಟಿ ಬದಲಿಸುವ ಹೊತ್ತು. ಇದರ ಕಾರಣವನ್ನು ನಾವು ಸ್ವಲ್ಪ ವಿವರವಾಗಿ ಹೇಳಬೇಕು.

ಸುಟ್ಟ ಜಾಗದಿಂದ ನೀರಿನಂಥ ರಸಿಕೆಯು ಒಸರುತ್ತದೆ. ಹತ್ತಿಯ ಬಟ್ಟೆಯು ಅದನ್ನು ಹೀರಿಕೊಂಡು ಒಣಗಿದಾಗ ಗೋಂದಿನಂತೆ ಗಟ್ಟಿಯಾಗಿ ಗಾಯಕ್ಕೆ ಅಂಟಿಕೊಳ್ಳುತ್ತದೆ. ಅಷ್ಟರಲ್ಲಿ ಗಾಯದ ತಳದಿಂದ ಹೊಸ ಮಾಂಸವೂ ಸಣ್ಣ ರಕ್ತನಾಳಗಳೂ ಚಿಗುರುತ್ತ ಬಂದು ಬಟ್ಟೆಯ ಎಳೆಗಳ ಸಂದಿಯಲ್ಲಿ ನುಗ್ಗುತ್ತವೆ. ಅಂಥ ಬಟ್ಟೆಯನ್ನು ಕಿತ್ತರೆ ರಕ್ತ ಬರುತ್ತದೆ. ಎಷ್ಟೋ ದಿನ ಪಟ್ಟು ದೇಹವು ಕಟ್ಟಿದ್ದನ್ನು ನಾವು ಒಂದೇ ಎಳೆತಕ್ಕೆ ಕೆಡವಿದಂತಾಗುತ್ತದೆ. ಹಾಗೆಂದು ಬದಲಿಸದೆ ಬಿಟ್ಟರೆ ಕೊಳೆ ಸೇರಿ ಕೀವಾಗುತ್ತದೆ. ನಮ್ಮ ಬೋಂಡಾ ಹುಡುಗನಿಗೆ ಆದದ್ದು ಇದೇ.

ಆಗಸ್ಟ್ ಅವರು ಇದಕ್ಕೆ ಕಂಡುಕೊಂಡ ಉಪಾಯವು ಬಹು ಸರಳವಾದದ್ದು. ಸೊಳ್ಳೆಪರದೆಯಂತೆ ದೊಡ್ಡ ಕಣ್ಣುಗಳಿರುವ ಬಲೆಬಟ್ಟೆಯನ್ನು ತೆಗೆದುಕೊಂಡರು. ಅದನ್ನು ವ್ಯಾಸಲಿನ್ ಮತ್ತು ಪೆರು ಬಾಲ್ಸಮ್ ಎಂಬ ಸುಗಂಧದ ಮರದಂಟು ಬೆರೆತ ಜಿಡ್ಡಿನಲ್ಲಿ ತೋಯಿಸಿದರು. ಬಲೆಯನ್ನು ಗಾಯದ ಮೇಲೆ ಹಾಸಿ ಅದರ ಮೇಲೆ ಹೀರುವ ಗಾಜ್ ಬಟ್ಟೆಯನ್ನಿಟ್ಟರು. ಎಳೆಗಳೆಲ್ಲ ಜಿಡ್ಡಾಗಿರುವುದರಿಂದ ಅವು ಗಾಯಕ್ಕೆ ಅಂಟುವುದಿಲ್ಲ. ಕಣ್ಣುಗಳು ತೆರೆದಿರುವುದರಿಂದ ರಸಿಕೆಯು ಅವುಗಳ ಮೂಲಕ ಮೇಲಿನ ಬಟ್ಟೆಗೆ ಹೋಗುತ್ತದೆ. ದಪ್ಪಗೆ ಮುಲಾಮನ್ನೇ ಮೆತ್ತಿದರೆ ರಸಿಕೆಯು ಅಡಿಯಲ್ಲಿಯೇ ನಿಂತು ಕೊಳೆಯುತ್ತದೆ. ಬರಿಯ ಬಟ್ಟೆಯನ್ನಿಟ್ಟರೆ ಅಂಟುತ್ತದೆ. ಈ ಎರಡು ದೋಷಗಳ ನಡುವೆ ಒಂದು ತೆಳ್ಳನೆಯ ಬಲೆಯು ದಾರಿ ಮಾಡಿಕೊಟ್ಟಿತು. ಫ್ರೆಂಚರು ಇದನ್ನು ಟ್ಯೂಲ್ ಗ್ರಾ, ಅಂದರೆ ಜಿಡ್ಡು ಬಲೆ, ಎಂದು ಕರೆದರು. ಚರ್ಮದ ಗಾಯವು ಮಾಯುವ ಕ್ರಮವನ್ನು ಕುರಿತು ಆಗಸ್ಟ್ ಅವರು ಗ್ರಂಥವನ್ನೂ ಬರೆದರು.

ಪಟ್ಟಿಯ ಮುಂದಿನ ಕಥೆ

ಒಳ್ಳೆಯ ವಸ್ತುವೆಲ್ಲ ಒಮ್ಮೆಗೇ ಎಲ್ಲರಿಗೂ ಸಲ್ಲುವುದಿಲ್ಲ. 1925ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಡೇವಿಡ್‌ಸನ್ ಎಂಬ ವೈದ್ಯರು, ಚರ್ಮ ಹದಮಾಡುವ ಟ್ಯಾನಿಕ್ ಆಮ್ಲವನ್ನು ಸುಟ್ಟ ಗಾಯಕ್ಕೆ ಹಚ್ಚುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು. ಗಾಯದ ಮೇಲೆ ತೊಗಲಿನಂಥ ಗಟ್ಟಿ ಹಕ್ಕಳೆಯು ಕಟ್ಟುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ, 1940ರ ವಿಮಾನ ಕಾಳಗಗಳಲ್ಲಿ ಮುಖ ಕೈಗಳು ಬೆಂದ ಇಂಗ್ಲೆಂಡಿನ ತರುಣರಿಗೆ ಇದನ್ನು ಹಚ್ಚಿದಾಗ ಬೆರಳುಗಳು ಸೆಟೆದು ನಿಂತವು; ಕಣ್ಣುರೆಪ್ಪೆಗಳು ಮುಚ್ಚದಾದವು. ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಊರಿನಲ್ಲಿ ಇವರನ್ನು ನೋಡಿಕೊಳ್ಳುತ್ತಿದ್ದ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮೆಕಿಂಡೋ ಅವರು ಆ ಪದ್ಧತಿಯ ವಿರುದ್ಧ ಹೋರಾಡಿ, ಉಪ್ಪುನೀರಿನ ಸ್ನಾನ ಮತ್ತು ಜಿಡ್ಡು ಬಲೆಯ ಪಟ್ಟಿಯನ್ನು ಬಳಕೆಗೆ ತಂದರು. ಬೆರಳು ಮಡಿಸಿ ಚಾಚುವುದಕ್ಕೆ ಅವಕಾಶವಾಯಿತು.

ಮುಂದೆ ರೋಗಾಣುಗಳನ್ನು ತಡೆಯುವ ಔಷಧಗಳನ್ನು ಸೇರಿಸಿದ ಬಲೆಗಳೂ ಬಂದವು. ಕ್ಲೋರ್‌ಹೆಕ್ಸಿಡಿನ್ ಮತ್ತು ಫ್ರಾಮೈಸೆಟಿನ್ ಸೇರಿದವು ನಮ್ಮ ದೇಶದ ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತವೆ. ಪೆರು ಬಾಲ್ಸಮ್ ಕೆಲವರ ಮೈಗೆ ಒಗ್ಗದೆ ತುರಿಕೆ ಎಬ್ಬಿಸುವುದೆಂದು ತಿಳಿದುದರಿಂದ ಈಗಿನ ಪಟ್ಟಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ತತ್ವವು ಮಾತ್ರ ಆಗಸ್ಟ್ ಅವರದೇ ಆಗಿ ಉಳಿದಿದೆ.

ಮುಂಬಯಿಯ ವೈದ್ಯರೂ ಇದೇ ದಾರಿಯಲ್ಲಿ ಯೋಚಿಸಿದರೆಂಬುದು ನಮಗೆ ಹೆಮ್ಮೆಯ ಸಂಗತಿ. ಹಣವಿಲ್ಲದ ರೋಗಿಗಳಿಗೆ ಅಂಟದ ಪಟ್ಟಿ ಹೇಗೆಂದು ವಿಚಾರಿಸಿ, 1985ರಲ್ಲಿ ಡಾಕ್ಟರ್ ಕೇಸ್ವಾನಿ ಅವರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಪಟ್ಟಿಯನ್ನು ಕುರಿತು ಬರೆದರು. 2003ರಲ್ಲಿ ಡಾಕ್ಟರ್ ಗೋರೆ ಅವರು ಬಾಳೆಯೆಲೆಯ ಪಟ್ಟಿಯನ್ನು ಪರೀಕ್ಷಿಸಿ ಅದು ನೋವಿಲ್ಲದೆ ಬಿಚ್ಚಿಬರುವುದನ್ನು ತೋರಿಸಿದರು. ಇವೆಲ್ಲ ಆಸ್ಪತ್ರೆಯಲ್ಲಿ ಹಬೆಯಿಂದ ಶುದ್ಧಿ ಮಾಡಿದ ವಸ್ತುಗಳು. ಊಟದ ಎಲೆಯನ್ನು ಹರಿದು ಗಾಯಕ್ಕೆ ಸುತ್ತಬಹುದೆಂದು ಯಾರೂ ತಿಳಿಯಬಾರದು.

ದೋಷಗಳು ಮತ್ತು ಅಂತ್ಯ

ಮಹನೀಯರ ಚರಿತ್ರೆಯನ್ನು ಬರೆಯುವಾಗ ಕಪ್ಪು ಚುಕ್ಕೆಗಳನ್ನು ಮರೆಮಾಡುವುದು ನಮಗೆ ಸರಿತೋರುವುದಿಲ್ಲ. ಕ್ಷಯವು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲವೆಂದು ಆಗಸ್ಟ್ ಅವರು ಹಟದಿಂದ ವಾದಿಸಿದರು. ವೈದ್ಯರು ಅವರನ್ನು ಎದುರಿಸಿದರು. ವೈದ್ಯರ ಮಾತೇ ಸತ್ಯವಾಗಿತ್ತು. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ್ದ ಕಾಲದಲ್ಲಿ ಅವರು ಮಾರ್ಷಲ್ ಪೆಟೇನನ ಸರಕಾರವನ್ನು ಬೆಂಬಲಿಸಿದ್ದಲ್ಲದೆ, ಜರ್ಮನರ ಪಕ್ಷದಲ್ಲಿ ಕಾದಿದ ಸ್ವಯಂಸೇವಕ ದಳದ ಸಮಿತಿಗೆ ತಮ್ಮ ಹೆಸರನ್ನು ಕೊಟ್ಟರು. ದಶಕಗಳ ತರುವಾಯ ಫ್ರಾನ್ಸಿನ ಬ್ಯಾಂಕು 200 ಫ್ರಾಂಕಿನ ನೋಟಿನ ಮೇಲೆ ಸಹೋದರರ ಚಿತ್ರವನ್ನು ಅಚ್ಚು ಹಾಕಲು ಹೊರಟಾಗ, ಇದೇ ಕಾರಣಕ್ಕೆ ಆಕ್ಷೇಪಣೆಗಳೆದ್ದು ಆ ಯೋಜನೆಯನ್ನು ಕೈಬಿಡಬೇಕಾಯಿತು. ಗಾಯಾಳುವಿನ ನೋವನ್ನು ಅರಿತ ಕಣ್ಣಿಗೆ ದೇಶದ ನೋವು ಕಾಣಿಸದೆ ಹೋದದ್ದು ಖೇದದ ವಿಷಯ.

ತಮ್ಮ ಲೂಯಿ 1948ರಲ್ಲಿ ತೀರಿಕೊಂಡನು. ಆಗಸ್ಟ್ ಅವರು 1954ರ ಏಪ್ರಿಲ್ 10ರಂದು, ತಮ್ಮ 91ನೆಯ ವಯಸ್ಸಿನಲ್ಲಿ, ಲಿಯೋನಿನಲ್ಲಿಯೇ ಕಣ್ಣು ಮುಚ್ಚಿದರು. ಮೋಂಪ್ಲೆಸೀರಿನ ಅವರ ಕುಟುಂಬದ ಮನೆಯಲ್ಲಿ ಇಂದು ಸಿನೆಮಾ ಕುರಿತ ಸಂಸ್ಥೆಯಿದೆ. ಪಕ್ಕದ ಬೀದಿಗೆ ಮೊದಲ ಚಿತ್ರದ ಬೀದಿ ಎಂದೇ ಹೆಸರು. ಲೂಮಿಯೇರ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಬೆಳಕು.

ನಮ್ಮ ಅಡಿಗೆಮನೆಗೆ

ಈ ಚರಿತ್ರೆಯನ್ನು ಓದಿ ಮಡಿಸಿಡುವ ಮೊದಲು ನಮ್ಮ ಹೋಟೆಲ್ ಬಂಧುಗಳು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ.

ಕಾವಲಿ, ಎಣ್ಣೆ, ಸಾರು, ಹಬೆ, ಯಾವುದರಿಂದ ಸುಟ್ಟರೂ ಮೊದಲ ಔಷಧವು ನಲ್ಲಿಯ ತಣ್ಣೀರು. ಇಪ್ಪತ್ತು ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿಯಬೇಕು. ಉಂಗುರ, ಕಡಗ, ಗಡಿಯಾರಗಳನ್ನು ಊತ ಬರುವ ಮುನ್ನ ತೆಗೆಯಬೇಕು. ಮಂಜುಗಡ್ಡೆ, ಅರಿಸಿನ, ಕಾಫಿಪುಡಿ, ಬೆಣ್ಣೆ, ಶಾಯಿ, ಹಲ್ಲುಜ್ಜುವ ಪೇಸ್ಟು ಇವು ಯಾವುವೂ ಬೇಡ. ಜಿಡ್ಡಿನ ಪಟ್ಟಿಯನ್ನು ಕೂಡ ಗಾಯವು ತಣ್ಣಗಾದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಬಿಸಿಯು ಒಳಗೇ ಉಳಿಯುತ್ತದೆ. ಬೊಬ್ಬೆಯನ್ನು ಒಡೆಯಬಾರದು.

ಗಾಯವು ಸಣ್ಣದಾಗಿದ್ದರೆ, ತೊಳೆದ ಕೈಯಿಂದ ಪೊಟ್ಟಣವನ್ನು ಬಿಚ್ಚಿ, ಬಲೆಯ ಎರಡೂ ಬದಿಯ ಕಾಗದವನ್ನು ತೆಗೆದು, ಗಾಯದ ಅಳತೆಗಿಂತ ತುಸು ದೊಡ್ಡದಾಗಿ ಹಾಸಿ, ಮೇಲೆ ಶುದ್ಧವಾದ ಗಾಜ್ ಬಟ್ಟೆಯನ್ನಿಟ್ಟು ಸಡಿಲವಾಗಿ ಕಟ್ಟಬೇಕು. ಎರಡು ಬೆರಳು ಸುಟ್ಟಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಬೇಕು. ಅಂಟದ ಪಟ್ಟಿಯೂ ಬಹಳ ದಿನ ಬಿಟ್ಟರೆ ಒಣಗಿ ಅಂಟುವುದುಂಟು. ಆಗ ಎಳೆಯದೆ ಸಲೈನಿನಿಂದ ನೆನೆಸಿ ಬಿಡಿಸಬೇಕು. ಔಷಧ ಸೇರಿದ ಬಲೆಯನ್ನು ವೈದ್ಯರನ್ನು ಕೇಳಿ ಬಳಸುವುದು ಮೇಲು. ಹಿಂದೆ ಯಾವುದಾದರೂ ಔಷಧ ಮೈಗೆ ಒಗ್ಗದಿದ್ದರೆ ಅದನ್ನು ಮೊದಲೇ ಹೇಳಬೇಕು. ಧನುರ್ವಾಯುವಿನ ಚುಚ್ಚುಮದ್ದನ್ನೂ ವಿಚಾರಿಸಬೇಕು.

ಅಂಗೈಗಿಂತ ದೊಡ್ಡ ಗಾಯ, ಮುಖ, ಕೈ, ಕೀಲು, ಗುಪ್ತಾಂಗಗಳ ಗಾಯ, ಬಿಳುಪಾಗಿಯೋ ಕರಕಾಗಿಯೋ ನೋವೇ ಇಲ್ಲದಂತಿರುವ ಗಾಯ, ವಿದ್ಯುತ್ತಿನ ಗಾಯ, ಸಕ್ಕರೆಕಾಯಿಲೆಯವರ ಗಾಯ ಇವು ಹೋಟೆಲಿನ ಪೆಟ್ಟಿಗೆಗೆ ಬಗ್ಗುವವಲ್ಲ. ತಣ್ಣೀರು ಹಿಡಿದು, ಶುದ್ಧವಾದ ಬಟ್ಟೆ ಮುಚ್ಚಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಜಮಾನರಿಗೆ ನಮ್ಮದೊಂದು ಮಾತು. ಕೈ ಸುಟ್ಟುಕೊಂಡವನನ್ನು ಮರುದಿನವೇ ಪಾತ್ರೆ ತೊಳೆಯಲು ಕೂಡಿಸಿದರೆ ಯಾವ ಪಟ್ಟಿಯೂ ಅವನನ್ನು ಗುಣಪಡಿಸಲಾರದು. ಗಾಯ ಮಾಯುವ ತನಕ ಅವನಿಗೆ ನೀರು ಬೆಂಕಿ ಸೋಕದ ಕೆಲಸವನ್ನು ಕೊಡಿ. ಇಲ್ಲವೇ ಸಂಬಳ ಮುರಿಯದೆ ರಜೆ ಕೊಡಿ. ಹಾಗೆ ಮಾಡದೆ ಪಶ್ಚಾತ್ತಾಪಪಟ್ಟವರು ನಾವು. ಆದುದರಿಂದಲೇ ಹೇಳುವ ಧೈರ್ಯ ಮಾಡಿದ್ದೇವೆ.

ಸಿನೆಮಾ ನೋಡಲು ವಾರಕ್ಕೊಂದು ಸಲ ಹೋಗುವ ನಮ್ಮ ತರುಣರು ಪರದೆಯ ಮೇಲೆ ಬೆಳಕು ಬಿದ್ದಾಗ ಲೂಮಿಯೇರ್ ಸಹೋದರರನ್ನು ನೆನೆದರೂ ಸರಿ, ನೆನೆಯದಿದ್ದರೂ ಸರಿ. ಗಲ್ಲಾದ ಪಕ್ಕದ ಡಬ್ಬಿಯಲ್ಲಿ ಅಂಟದ ಪಟ್ಟಿಯ ನಾಲ್ಕು ಪೊಟ್ಟಣಗಳು ಇಂದೇ ಸೇರಲಿ. ನಾಳೆ ಬೋಂಡಾದ ಬಾಣಲೆಯು ಸಿಡಿದರೆ ಹುಡುಗನ ಕೈ ಮೊದಲು ನಲ್ಲಿಗೆ ಹೋಗಲಿ, ಆಮೇಲೆ ಆ ಡಬ್ಬಿಯು ತೆರೆಯಲಿ.